ಎರಡನೇ ಕೊಡ

ನಮ್ಮ ಮನೆಯಲ್ಲಿ ಕಾಳು ಬೆಂದಿದೆಯೋ ಇಲ್ಲವೋ ಎಂದು ತೀರ್ಪು ಕೊಡುವವನು ನಾನು. ನಲವತ್ತು ವರ್ಷಗಳಿಂದ ಈ ಅಧಿಕಾರ ನನ್ನದೇ. ಕಡಲೆಯಾಗಲಿ, ಒಣ ಅವರೆಯಾಗಲಿ, ಹುರುಳಿಯಾಗಲಿ, ಒಲೆಯ ಮೇಲೆ ಕುದಿಯತೊಡಗಿದ ಮೇಲೆ ನನ್ನ ಹೆಂಡತಿ ಗಿರಿಜಾ ಸೌಟಿನಲ್ಲಿ ನಾಲ್ಕು ಕಾಳು ತೆಗೆದುಕೊಂಡು, ಹನಿ ಬೀಳದಂತೆ ಎಡಗೈ ಒಡ್ಡಿಕೊಂಡು, ನಾನು ಎಲ್ಲಿ ಕೂತಿರುತ್ತೇನೋ ಅಲ್ಲಿಗೇ ಬರುತ್ತಾಳೆ. “ಬೆಂದಿದ್ಯಾ ನೋಡಿ” ಎನ್ನುತ್ತಾಳೆ. ನಾನು ಪೇಪರ್ ಮಡಚಿಟ್ಟು ಒಂದು ಕಾಳನ್ನು ಎರಡು ಬೆರಳಿನ ನಡುವೆ ಹಿಸುಕುತ್ತೇನೆ. “ಬೆಂದಿದೆ” ಎಂದರೆ ಆಮೇಲೆ ಪಾತ್ರೆಗೆ ಉಪ್ಪು, ಹುಳಿ ಬೀಳುತ್ತದೆ. ಗ್ಯಾಸ್ ಬಂತು, ಕುಕ್ಕರ್ ಬಂತು, ಇಷ್ಟು ಸೀಟಿಗೆ ಇಷ್ಟು ಬೇಯುತ್ತದೆ ಎಂದು ಸಣ್ಣ ಹುಡುಗಿಯರಿಗೂ ಗೊತ್ತಾಯಿತು. ಸೌಟು ಮಾತ್ರ ನನ್ನ ಹತ್ತಿರ ಬರುವುದು ನಿಲ್ಲಲಿಲ್ಲ. ಮಕ್ಕಳು ನನ್ನನ್ನು ಕಾಳಿನ ಜಡ್ಜ್ ಎಂದು ಕರೆದು ನಗುತ್ತಾರೆ.

ಯಾರಾದರೂ ಕೇಳಿದರೆ ಗಿರಿಜಾ ಅದರ ಕಥೆಯನ್ನೂ ಹೇಳುತ್ತಾಳೆ. “ಮದುವೆ ಆದಾಗ ನಂಗೆ ಕಾಳು ಬೇಯ್ಸೋಕೇ ಬರ್ತಿರ್ಲಿಲ್ಲ ಕಣ್ರೇ. ನಮ್ಮತ್ತೆ ಎರಡು ಸೇರು ಕಡ್ಲೆ ಗಂಟು ಕಟ್ಟಿ, ಕಲ್ತು ಬಾ ಅಂತ ತವರಿಗೆ ಕಳ್ಸಿದ್ರು. ಆವತ್ತಿಂದ ನನ್ನ ಬೆರಳಿನ ಮೇಲೆ ನಂಗೇ ನಂಬಿಕೆ ಇಲ್ಲ. ಇವರು ನೋಡಿ ಹೇಳಿದ್ರೇನೇ ಸಮಾಧಾನ.” ಮಗಳು ನಗುತ್ತಾಳೆ, ಸೊಸೆ ನಗುತ್ತಾಳೆ, ಬಂದವರೂ ನಗುತ್ತಾರೆ. ನಾನು ಆ ಹೊತ್ತಿಗೆ ಕನ್ನಡಕ ಹುಡುಕುತ್ತಿರುತ್ತೇನೆ.

ಹೋದ ತಿಂಗಳು ಭದ್ರಾವತಿಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರ ಮೊಮ್ಮಗಳ ಮದುವೆಯಿತ್ತು. ಗಿರಿಜಾಗೆ ಮಂಡಿನೋವು, ಶಿವಮೊಗ್ಗದಿಂದ ನಾನೊಬ್ಬನೇ ಬಸ್ಸಿನಲ್ಲಿ ಹೋದೆ. ಊಟ ಮುಗಿದ ಮೇಲೆ ಕಾಲು ತಾನಾಗಿಯೇ ಓಲ್ಡ್ ಟೌನಿನ ಹಳೆಯ ಓಣಿಯ ಕಡೆ ತಿರುಗಿತು. ನಾವು ಬಾಡಿಗೆಗಿದ್ದ ಹೆಂಚಿನ ಮನೆ ಇರಲಿಲ್ಲ. ಓಣಿಯ ಮೂಲೆಯ ಬಾವಿ ಇತ್ತು, ಮೇಲೆ ಕಬ್ಬಿಣದ ಜಾಲರಿ, ಪಕ್ಕಕ್ಕೆ ಒಂದು ಪಂಪು, ಒಂದು ನಲ್ಲಿ. ಬಿಸಿಲಿಗೆ ಮುಖ ತೊಳೆಯೋಣ ಎಂದು ನಲ್ಲಿ ತಿರುಗಿಸಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸು, “ಕುಡೀಬೇಡಿ ಅಜ್ಜಾ, ಗಡಸು ನೀರು. ಸೋಪು ಕೂಡ ನೊರೆ ಬರಲ್ಲ” ಎಂದಳು. ಬೊಗಸೆಯ ನೀರನ್ನು ಮುಖದ ಹತ್ತಿರ ತಂದಾಗ ಆ ವಾಸನೆ ಬಂತು. ಸುಣ್ಣದ ಗೋಡೆಗೆ ಮೊದಲ ಹನಿ ಬಿದ್ದಾಗ ಬರುವಂಥದ್ದು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಒದ್ದೆ ಮುಖದಲ್ಲೇ ಬಸ್ ನಿಲ್ದಾಣಕ್ಕೆ ನಡೆದೆ.

ನಾವು ಆ ಓಣಿಯಲ್ಲಿದ್ದದ್ದು ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ. ನಾನು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ನ್ಯೂ ಟೌನಿನ ಕ್ವಾರ್ಟರ್ಸಿಗೆ ಅರ್ಜಿ ಹಾಕಿ ಕಾಯುತ್ತಾ, ಅವ್ವನ ಜೊತೆ ಓಲ್ಡ್ ಟೌನಿನಲ್ಲಿದ್ದೆ. ಅಪ್ಪ ಇರಲಿಲ್ಲ. ಆ ವೈಶಾಖದಲ್ಲಿ ಶಿವಮೊಗ್ಗದ ಕೋಟೆ ರಸ್ತೆಯ ಕಡೆಯ ಗಿರಿಜಾಳ ಜೊತೆ ನನ್ನ ಮದುವೆಯಾಯಿತು. ಅವಳಿಗೆ ಹದಿನೆಂಟು, ನನಗೆ ಇಪ್ಪತ್ತನಾಲ್ಕು. ಹೊಸದರಲ್ಲಿ ಒಲೆ ಅವ್ವನ ಕೈಯಲ್ಲೇ ಇತ್ತು. ಆಷಾಢ ಬಂದಾಗ ಪದ್ಧತಿಯಂತೆ ಗಿರಿಜಾ ತವರಿಗೆ ಹೋದಳು. ಶ್ರಾವಣದ ಮೊದಲ ವಾರ ವಾಪಸ್ಸು ಬಂದಾಗ ಅವ್ವ ಸೌಟನ್ನು ಅವಳ ಕೈಗೆ ಕೊಟ್ಟು, “ಇನ್ನು ನೀನುಂಟು, ಈ ಒಲೆಯುಂಟು. ನನಗೆ ಕಣ್ಣಿಗೆ ಪೊರೆ ಬರ್ತಾ ಇದೆ, ಹೊಗೆ ಆಗಲ್ಲ” ಎಂದರು. ಗಿರಿಜಾ ಅವ್ವನ ಕಾಲು ಮುಟ್ಟಿ ಸೌಟು ತೆಗೆದುಕೊಂಡಳು.

ನಮ್ಮ ಓಣಿಗೆ ನಲ್ಲಿ ಇರಲಿಲ್ಲ. ಮೂಲೆಯ ಬಾವಿಯ ನೀರು ಬಟ್ಟೆಗೆ, ಪಾತ್ರೆಗೆ, ಸ್ನಾನಕ್ಕೆ. ಕುಡಿಯಲು ಮತ್ತು ಅಡುಗೆಗೆ ಸಿಹಿನೀರು ಬೇಕು. ಹೊಳೆ ಮಳೆಗಾಲದಲ್ಲಿ ಕೆಂಪಗೆ ಕದಡಿಕೊಂಡಿರುತ್ತಿತ್ತು, ಆದ್ದರಿಂದ ನ್ಯೂ ಟೌನಿನ ಅಂಚಿನ ಬೀದಿ ನಲ್ಲಿಯಿಂದ ತರಬೇಕಾಗಿತ್ತು. ಮೊದಲನೇ ಪಾಳಿ ಮುಗಿಸಿ ನಾನು ಸೈಕಲ್ಲಿನ ಕ್ಯಾರಿಯರಿಗೆ ಆ ಕಡೆ ಒಂದು, ಈ ಕಡೆ ಒಂದು ಕೊಡ ಕಟ್ಟಿಕೊಂಡು ಹೋಗುತ್ತಿದ್ದೆ. ನಮ್ಮ ಓಣಿ ಇಕ್ಕಟ್ಟು, ಮೂಲೆಯಿಂದ ಮನೆಯವರೆಗೆ ಕೊಡಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊರಬೇಕಿತ್ತು. ಆ ನಲ್ಲಿಗೆ ಒಂದು ಕಟ್ಟಳೆಯಿತ್ತು, ಸರದಿಗೆ ಬಂದವರೇ ಮಾಡಿಕೊಂಡದ್ದು: ಒಂದು ಸರದಿಗೆ ಒಂದೇ ಕೊಡ. ಎರಡನೆಯದು ಬೇಕಾದರೆ ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು. ಎಂಥ ದೊಡ್ಡ ಮನುಷ್ಯನಾದರೂ ಅಷ್ಟೆ. ಒಂದು ಕೊಡಕ್ಕೆ ಮುಕ್ಕಾಲು ಗಂಟೆ, ಎರಡನೆಯದಕ್ಕೆ ಇನ್ನೊಂದು ಮುಕ್ಕಾಲು ಗಂಟೆ. ನೀರು ಬಿಡುತ್ತಿದ್ದುದೇ ಸಂಜೆ ನಾಲ್ಕಕ್ಕೆ.

ಮೊದಲ ಕೊಡ ಕುಡಿಯುವುದಕ್ಕೆ ಮತ್ತು ಲಿಂಗಪೂಜೆಗೆ. ಅದು ಒಳಮನೆಯ ಕಟ್ಟೆಯ ಮೇಲೆ, ಬಟ್ಟೆ ಕಟ್ಟಿಕೊಂಡು ಕೂತಿರುತ್ತಿತ್ತು. ಅದಕ್ಕೆ ಅಡುಗೆಯ ಚೊಂಬು ತಗಲಿಸುವಂತಿರಲಿಲ್ಲ, ಅವ್ವ ಅದರಲ್ಲಿ ಬಹಳ ಬಿಗಿ. ಎರಡನೇ ಕೊಡ ಒಲೆಯ ಪಕ್ಕಕ್ಕೆ, ಅಡುಗೆಗೆ.

ಆ ಶ್ರಾವಣದಲ್ಲೇ ನಮ್ಮ ಗೆಳೆಯರ ನಾಟಕದ ತಾಲೀಮು ಶುರುವಾಯಿತು. ಗಣೇಶನ ಹಬ್ಬಕ್ಕೆ ಪೆಂಡಾಲಿನಲ್ಲಿ ಆಡಬೇಕೆಂದು ನಮ್ಮವರೇ ಒಬ್ಬರು ಬರೆದ ಸಾಮಾಜಿಕ ನಾಟಕ. ನನಗೆ ಸಿಕ್ಕಿದ್ದು ಸುಳ್ಳೇ ಹೇಳದ ಮೇಷ್ಟ್ರ ಪಾತ್ರ. ಈಗ ನಗು ಬರುತ್ತದೆ, ಆಗ ಎದೆ ಉಬ್ಬಿತ್ತು. ತಾಲೀಮು ಐದು ಗಂಟೆಗೆ. ನಿರ್ದೇಶನ ಮಾಡುತ್ತಿದ್ದ ರಾಮಚಂದ್ರ ಮೊದಲ ದಿನವೇ ಎಲ್ಲರ ಎದುರು, “ಮಾರಾಯ, ಮೇಷ್ಟ್ರೇ ಲೇಟಾಗಿ ಬಂದ್ರೆ ಸ್ಕೂಲು ಹೆಂಗೆ ನಡೀತದೆ? ನಾಳೆ ತಡ ಆದ್ರೆ ಪಾರ್ಟು ಬೇರೆಯವರಿಗೆ ಕೊಡ್ತೀನಿ ನೋಡು” ಎಂದುಬಿಟ್ಟ. ಅವ್ವನಿಗೆ ನಾಟಕವೆಂದರೆ ಆಗುತ್ತಿರಲಿಲ್ಲ, ಮುಖಕ್ಕೆ ಬಣ್ಣ ಹಚ್ಚುವವರ ಮನೆ ಉದ್ಧಾರವಾಗಲ್ಲ ಎನ್ನುತ್ತಿದ್ದರು. ಹಾಗಾಗಿ ಕಾರ್ಖಾನೆಯಲ್ಲಿ ಹೆಚ್ಚು ಕೆಲಸ ಎಂದು ಹೇಳಿದ್ದೆ. ಗಿರಿಜಾಗೆ ಮಾತ್ರ ನಿಜ ಗೊತ್ತಿತ್ತು. ಅವಳು ನನ್ನ ಪರವಾಗಿ ಅವ್ವನ ಮುಂದೆ ಸುಳ್ಳು ಹೇಳುತ್ತಿದ್ದಳು. ನನ್ನ ಮಾತುಗಳ ಚೀಟಿಯನ್ನು ಮಸಾಲೆ ಡಬ್ಬಿಯ ಕೆಳಗೆ ಬಚ್ಚಿಟ್ಟು, ರೊಟ್ಟಿ ತಟ್ಟುತ್ತಾ ನನಗೆ ಹೇಳಿಕೊಡುತ್ತಿದ್ದಳು. ನನಗಿಂತ ಮೊದಲು ಅವಳಿಗೇ ಬಾಯಿಪಾಠವಾಯಿತು.

ಎರಡನೇ ದಿನ ನಾನು ಒಂದು ಕೊಡ ತುಂಬಿಸಿಕೊಂಡು ಸಾಲಿನ ಬಾಲವನ್ನು ನೋಡಿದೆ. ಮೂವತ್ತು ಜನರಿದ್ದರು. ಇನ್ನೊಂದು ಕೊಡವನ್ನು ಖಾಲಿಯೇ ಕಟ್ಟಿಕೊಂಡು ತಾಲೀಮಿಗೆ ಹೋದೆ. ಮುಗಿಸಿ ವಾಪಸ್ಸು ಬರುವಾಗ ಸೈಕಲ್ಲು ಒಂದೇ ಕಡೆಗೆ ಎಳೆಯುತ್ತಿತ್ತು, ಸೇತುವೆಯ ಮೇಲೆ ಇಳಿದು ತಳ್ಳಿಕೊಂಡು ಬಂದೆ. ಓಣಿಯ ಮೂಲೆಯಲ್ಲಿ ಬಾವಿ ಇತ್ತು. ಹಗ್ಗ ಅಲ್ಲೇ ಇತ್ತು. ಎರಡು ಸಲ ಸೇದುವಷ್ಟರಲ್ಲಿ ಕೊಡ ತುಂಬಿತು.

ಇದರಲ್ಲಿ ಏನು ಮಹಾ, ನೀರು ನೀರೇ, ಕುದಿಸಿದರೆ ಎಲ್ಲಾ ಒಂದೇ ಎಂದುಕೊಂಡೆ. ಅಡುಗೆಗೆ ಸಿಹಿನೀರೇ ಬೇಕೆನ್ನುವುದು ಹೆಂಗಸರ ನಾಜೂಕು ಎಂದು ತಿಳಿದಿದ್ದೆ. ಆವತ್ತು ಅನ್ನ ಎಂದಿನಂತೆ ಆಯಿತು. ಕುಡಿಯುವ ನೀರು ಸಿಹಿಯಾಗಿಯೇ ಇತ್ತು, ಯಾರಿಗೂ ಏನೂ ಅನುಮಾನ ಬರಲಿಲ್ಲ. ಮಾರನೆಯ ದಿನವೂ ಹಾಗೇ ಮಾಡಿದೆ. ಅದರ ಮಾರನೆಯ ದಿನವೂ.

ಬೇಳೆ ಕರಗುವುದು ನಿಂತಿತು. ಅದನ್ನು ಗಿರಿಜಾ ಕಡೆಗೋಲಿನಲ್ಲಿ ಮಸೆದು ಹೇಗೋ ಸಾರು ಮಾಡಿದಳು. ಕಾಳಿಗೆ ಆ ದಾರಿಯೂ ಇಲ್ಲ. ಮಳೆಗಾಲದಲ್ಲಿ ಪೇಟೆಗೆ ತರಕಾರಿ ಬರುವುದೇ ಅಪರೂಪ, ವಾರದಲ್ಲಿ ನಾಲ್ಕು ದಿನ ನಮ್ಮದು ಕಾಳೇ. ಮೊದಲ ಸಲ ಹುರುಳಿಕಾಳು ಹಲ್ಲಿಗೆ ಕಟಕಟ ಎಂದಾಗ ಅವ್ವ, “ನೆನೆಸಿದ್ದು ಸಾಲದು ಕಣೇ” ಎಂದು ಮೆಲ್ಲಗೇ ಹೇಳಿದರು. ಎರಡನೇ ಸಲ ಸಂಜೆಯೇ ನೆನೆಹಾಕಿದಳು. ಅದೂ ಆ ಕೊಡದ ನೀರಿನಲ್ಲೇ. ಮರದ ಹೊಟ್ಟು ತುಂಬಿದ ಒಲೆಯ ಮುಂದೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತಳು. ಅವರೆಕಾಳಿನ ಸಿಪ್ಪೆ ಸುಲಿದು ಮೇಲೆ ಬಂತು, ಒಳಗಿನದು ಗುಂಡುಕಲ್ಲಿನಂತೆ ಕೆಳಗೆ ಕೂತಿತ್ತು.

“ಉಪ್ಪು ಮೊದ್ಲೇ ಹಾಕಿದ್ಯಾ?” ಎಂದು ಅವ್ವ ಕೇಳಿದರು.

“ಇಲ್ಲ ಅತ್ತೆ. ಬೆಂದ ಮೇಲೇ ಹಾಕ್ಬೇಕು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಾರೆ.”

“ಹುಣಸೆಹಣ್ಣು?”

“ಅದೂ ಅಷ್ಟೆ ಅತ್ತೆ.”

“ಮಧ್ಯ ತಣ್ಣೀರು ಹುಯ್ದ್ಯಾ?”

“ಇಲ್ಲ ಅತ್ತೆ, ಪಕ್ಕದಲ್ಲೇ ಬಿಸಿನೀರು ಇಟ್ಕೊಂಡಿದ್ದೆ.”

ಮಾರನೆಯ ದಿನ ಕಣ್ಣು ಒರೆಸಿಕೊಳ್ಳುತ್ತಾ ಅವ್ವನೇ ಬಂದು ಅವಳ ಪಕ್ಕ ಮಣೆ ಹಾಕಿಕೊಂಡು ಕೂತರು. ಕಾಳು ತೊಳೆದದ್ದು, ನೊರೆ ತೆಗೆದದ್ದು, ಎರಡು ಹನಿ ಎಣ್ಣೆ ಬಿಟ್ಟದ್ದು, ಮುಚ್ಚಳದ ಮೇಲೆ ನೀರಿಟ್ಟದ್ದು ಎಲ್ಲವನ್ನೂ ನೋಡಿದರು. ಒಂದು ತಪ್ಪೂ ಸಿಗಲಿಲ್ಲ. ಮೂರು ತಾಸಿನ ಮೇಲೆ ಹಿಸುಕಿ ನೋಡಿದರೆ ಕಾಳು ಬೆರಳಿನಿಂದ ಜಾರಿ ಗೋಡೆಗೆ ಹೋಗಿ ಬಡಿಯಿತು. ಗಿರಿಜಾ ಅಳುಮುಖ ಮಾಡಿಕೊಂಡು, “ಒಂದು ಚಿಟಿಕೆ ಸೋಡಾ ಹಾಕ್ಲಾ ಅತ್ತೆ?” ಎಂದಳು.

“ಈ ಮನೇಲಿ ಇಲ್ಲೀವರೆಗೂ ಕಾಳಿಗೆ ಸೋಡಾ ಬಿದ್ದಿಲ್ಲ. ನಾನೂ ಹಾಕಿಲ್ಲ, ನನ್ನ ಅತ್ತೆಯೂ ಹಾಕಿಲ್ಲ” ಎಂದು ಅವ್ವ ಎದ್ದರು. ಬಾಗಿಲ ಹತ್ತಿರ ತಿರುಗಿ, “ಮಾಡೋದೆಲ್ಲ ಸರಿಯಾಗೇ ಇದೆ. ಕೈಗುಣ ಇಲ್ಲ ಅಷ್ಟೆ” ಎಂದರು.

ನಾನು ಜಗುಲಿಯಲ್ಲಿ ಬೂಟು ಹಾಕಿಕೊಳ್ಳುತ್ತಿದ್ದೆ. ಮಾತು ಕಿವಿಗೆ ಬಿತ್ತು. ತಾಲೀಮಿಲ್ಲದ ಆ ದಿನ ಬೇರೊಬ್ಬರ ಬದಲಿಗೆ ಎರಡನೇ ಪಾಳಿಗೆ ಹೋಗಬೇಕಿತ್ತು, ಲೇಟಾಗುತ್ತದೆ ಎಂದು ಹೊರಟೆ. ದಾರಿಯಲ್ಲಿ, ಪಾಪ, ಸ್ವಲ್ಪ ದಿನ ಕಾಳಿನ ಸಾಮಾನೇ ತರಬಾರದು, ಬದನೆಕಾಯಿ ತಂದುಕೊಟ್ಟರೆ ಆಯಿತು ಎಂದು ಯೋಚಿಸಿದೆ. ನೀರಿನ ವಿಷಯ ಮನಸ್ಸಿನ ಮೂಲೆಯಲ್ಲಿ ಕುಟುಕುತ್ತಿತ್ತು, ನಾನು ಅದನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಬಿಟ್ಟುಕೊಳ್ಳಲೇಬೇಕಾದ ದಿನ ಆಮೇಲೆ ಎರಡು ದಿನಕ್ಕೇ ಬಂತು. ಸಂಜೆ ಬಾವಿಯಲ್ಲಿ ಸೇದುತ್ತಿದ್ದಾಗ ಪಕ್ಕದ ಮನೆಯ ಕಮಲಮ್ಮ ಬಂದರು. ಅವರ ಗಂಡ ಸೇಲಂ ಕಡೆಯವರು, ನಮ್ಮ ಕಾರ್ಖಾನೆಯಲ್ಲೇ ಕ್ರೇನ್ ಓಡಿಸುತ್ತಿದ್ದರು. ಕಮಲಮ್ಮ ನನ್ನ ಹಿತ್ತಾಳೆ ಕೊಡ ನೋಡಿ, “ಏನ್ ತಂಬಿ, ಇದು ಬಟ್ಟೆಗೆ ತಾನೇ? ಅಡುಗೆಗೆ ತಗೊಂಡು ಹೋಗ್ಬೇಡ. ನಾನು ಬಂದ ಹೊಸದ್ರಲ್ಲಿ ಗೊತ್ತಿಲ್ದೆ ಬೇಯ್ಸಿದೆ. ಬೇಳೆ, ಕಾಳು ಎಲ್ಲ ಕಲ್ಲು ಮಾದಿರಿ ನಿಂತ್ಕೊಂಡ್ಬಿಡ್ತದೆ” ಎಂದರು.

“ಬಟ್ಟೆಗೇ ಅಕ್ಕಾ” ಎಂದೆ.

ಅಲ್ಲಿಯವರೆಗಿನದು ಸೋಮಾರಿತನ, ತಿಳಿಯದ ತಪ್ಪು ಎಂದು ನನ್ನನ್ನು ನಾನು ಕ್ಷಮಿಸಿಕೊಳ್ಳಬಹುದಿತ್ತು. ಆ ಕ್ಷಣದಿಂದ ಮುಂದಿನದಕ್ಕೆ ಅಂಥ ನೆವ ಇಲ್ಲ. ಕೊಡವನ್ನು ಅಲ್ಲೇ ಚೆಲ್ಲಬಹುದಿತ್ತು. ನಾನು ಅದನ್ನು ಹೆಗಲ ಮೇಲಿಟ್ಟುಕೊಂಡು ಮನೆಗೆ ನಡೆದೆ. ಗಿರಿಜಾ ಬಾಗಿಲಲ್ಲಿ ಎದುರಾಗಿ ಕೊಡ ಇಳಿಸಿಕೊಂಡಳು. “ಭುಜ ಕೆಂಪಾಗಿದೆ ನೋಡಿ. ನಿಮಗೆ ಎಷ್ಟು ತ್ರಾಸು” ಎಂದಳು. ಈಗ ಹೇಳಿದರೆ ನಾಟಕದ ವಿಷಯವೂ ಅವ್ವನಿಗೆ ತಿಳಿಯುತ್ತದೆ, ಇನ್ನು ಇಪ್ಪತ್ತೇ ದಿನ, ಹಬ್ಬ ಮುಗಿದ ಮೇಲೆ ತಾನಾಗಿಯೇ ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದೆ. ನಾನು ಎಷ್ಟು ಸಣ್ಣ ಮನುಷ್ಯ ಎಂದು ನನಗೆ ಗೊತ್ತಾದದ್ದು ಆ ಬಾಗಿಲಲ್ಲಿ.

ಕಡೇ ಶ್ರಾವಣ ಸೋಮವಾರ ಅವ್ವ ಅಯ್ಯನವರನ್ನು ಊಟಕ್ಕೆ ಕರೆದಿದ್ದರು. ಎಂಬತ್ತರ ಹತ್ತಿರದ ಹಿರಿಯರು, ಅಪ್ಪನಿಗೆ ದೀಕ್ಷೆ ಕೊಟ್ಟವರು. ಕಾಯಿ ಹೋಳಿಗೆ, ಕೋಸಂಬರಿ, ಕಡಲೆಕಾಳಿನ ಪಲ್ಯ. ಪಲ್ಯ ಬೇಡ, ಬೇರೆ ಏನಾದರೂ ಮಾಡಲಿ ಎಂದು ನಾನು ಅಂದೆ. “ಅಯ್ಯನವರಿಗೆ ಕಡ್ಲೆ ಪಲ್ಯ ಅಂದ್ರೆ ಪ್ರೀತಿ. ನಿಮ್ಮಪ್ಪ ಇದ್ದಾಗಿಂದ ಮಾಡ್ಕೊಂಡು ಬಂದಿದ್ದೀನಿ” ಎಂದರು ಅವ್ವ. ಗಿರಿಜಾ ಹಿಂದಿನ ದಿನ ಬೆಳಿಗ್ಗೆಯೇ ಕಡಲೆ ನೆನೆಹಾಕಿದ್ದಳು. ಸೋಮವಾರ ಬೆಳಗಿನಿಂದ ಒಲೆ ಆರಲಿಲ್ಲ. ಅವಳು ಅರ್ಧ ಗಂಟೆಗೊಮ್ಮೆ ಕಾಳು ಹಿಸುಕುವುದು, ಕಣ್ಣು ಮುಚ್ಚಿಕೊಂಡು ಏನೋ ಬೇಡಿಕೊಳ್ಳುವುದು, ಮತ್ತೆ ಒಲೆಗೆ ಹೊಟ್ಟು ತುಂಬುವುದು, ಇಷ್ಟೇ ನಡೆಯುತ್ತಿತ್ತು. ಆ ದಿನ ನನಗೆ ರಜೆ. ನಾನು ಒಮ್ಮೆಯೂ ಅಡುಗೆಮನೆಗೆ ಹೋಗಲಿಲ್ಲ, ಹೋದರೆ ಒಲೆಯ ಪಕ್ಕದ ಕೊಡ ಕಾಣುತ್ತಿತ್ತು.

ಅಯ್ಯನವರು ಪೂಜೆ ಮುಗಿಸಿ ಊಟಕ್ಕೆ ಕೂತರು. ಮೊದಲ ತುತ್ತು ಪಲ್ಯ ಬಾಯಿಗಿಟ್ಟರು. ಉಳಿದಿದ್ದ ನಾಲ್ಕು ಹಲ್ಲಿನಲ್ಲಿ ಅತ್ತ ಇತ್ತ ತಿರುಗಿಸಿದರು. ಕಡೆಗೆ ಕಾಳನ್ನು ಬಾಯಿಂದ ತೆಗೆಯದೆ, ಮಾತ್ರೆ ನುಂಗುವ ಹಾಗೆ ನೀರಿನ ಜೊತೆ ನುಂಗಿದರು. ನಮ್ಮಲ್ಲಿ ಬಡಿಸಿದ್ದು ಪ್ರಸಾದ, ತಟ್ಟೆಯಲ್ಲಿ ಒಂದು ಅಗುಳು ಬಿಡುವಂತಿಲ್ಲ, ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಾರೆ. ಅವರು ಉಳಿದ ಕಡಲೆಯನ್ನೆಲ್ಲ ಬೆರಳಲ್ಲಿ ಒಟ್ಟು ಮಾಡಿ, ಹೆಗಲ ವಸ್ತ್ರದ ತುದಿಗೆ ಹಾಕಿ ಗಂಟು ಕಟ್ಟಿಕೊಂಡರು. “ಪ್ರಸಾದ ತಾಯಿ, ಬಿಡಬಾರದು. ಮಠಕ್ಕೆ ಹೋಗಿ ಇನ್ನೊಂದು ಸಲ ಬೇಯ್ಸಿಕೊಂಡು ತಿಂತೀನಿ” ಎಂದು ನಗುತ್ತಲೇ ಹೇಳಿದರು. ಅವರದು ಒಳ್ಳೆಯ ಮನಸ್ಸು. ಅವರು ಬೈದಿದ್ದರೆ ವಾಸಿಯಿತ್ತು.

ಅವ್ವ ಅವರನ್ನು ಓಣಿಯ ತುದಿಯವರೆಗೆ ಕಳಿಸಿ ಬಂದು ಬಾಗಿಲು ಹಾಕಿದರು. ಕೂಗಾಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ನಮ್ಮನೆಯಿಂದ ಜಂಗಮರು ಕಾಳು ಗಂಟು ಕಟ್ಕೊಂಡು ಹೋದ್ರು” ಎಂದರು. ಅದನ್ನೇ ಇನ್ನೊಂದು ಸಲ ಹೇಳಿದರು. ಆಮೇಲೆ ಡಬ್ಬಿಯಿಂದ ಎರಡು ಸೇರು ಕಡಲೆ ಅಳೆದು ಚೀಲಕ್ಕೆ ಸುರಿದು ಗಿರಿಜಾಳ ಮುಂದಿಟ್ಟರು. “ನಿಮ್ಮಮ್ಮನ ಹತ್ರ ಹೋಗು ತಾಯಿ. ಕಲ್ತ ಮೇಲೆ ಬಾ. ನಾನೇನೂ ಕೋಪದಲ್ಲಿ ಹೇಳ್ತಾ ಇಲ್ಲ.”

ಆಷಾಢದಲ್ಲಿ ತವರಿಗೆ ಹೋಗುವುದು ಮರ್ಯಾದೆ. ಆಷಾಢ ಮುಗಿಸಿ ಬಂದ ಹೆಣ್ಣು ತಿಂಗಳೊಳಗೆ ಮತ್ತೆ ಕೈಚೀಲ ಹಿಡಿದು ಹೊರಟರೆ ಇಡೀ ಓಣಿ ಬಾಗಿಲಿಗೆ ಬರುತ್ತದೆ. ಕಮಲಮ್ಮ, “ಏನಮ್ಮಾ, ಈಗ ತಾನೇ ಬಂದೆಯಲ್ಲ?” ಎಂದು ಕೇಳಿದರು. ಗಿರಿಜಾ, “ಅಮ್ಮಂಗೆ ಹುಷಾರಿಲ್ಲ” ಎಂದಳು. ರೈಲಿನಲ್ಲಿ ಕಡಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ನಾನು ಪಕ್ಕದಲ್ಲಿದ್ದೆ. ಶಿವಮೊಗ್ಗ ಬರುವವರೆಗೆ ಹೇಳಲು ಬೇಕಾದಷ್ಟು ಸಮಯವಿತ್ತು, ಬೋಗಿಯಲ್ಲಿ ನಮ್ಮ ಸುತ್ತ ಯಾರೂ ಇರಲಿಲ್ಲ. ಅವಳೇ ಮಾತಾಡಿದಳು. “ನಾಟಕಕ್ಕೆ ನಾನು ಇರಲ್ಲ. ಮೂರನೇ ಸೀನಲ್ಲಿ ನೀವು ಮಾತು ಮರೀತೀರಿ, ಚೀಟಿ ಜೇಬಲ್ಲಿ ಇಟ್ಕೊಳಿ” ಎಂದಳು.

ಮುಂದಿನ ಭಾನುವಾರ ನಾನು ಅವರ ಮನೆಗೆ ಹೋದೆ. ಗಿರಿಜಾ ಬಾಗಿಲಿಗೇ ಓಡಿ ಬಂದಳು. ಸೌಟಿನಲ್ಲಿ ನಾಲ್ಕು ಕಡಲೆ ಇತ್ತು. “ನೋಡಿ, ಅದೇ ಕಡ್ಲೆ. ಅವತ್ತಿನ ಚೀಲದ್ದೇ. ಇಲ್ಲಿ ಒಂದು ಗಂಟೆಗೆ ಬೆಂದುಬಿಡ್ತು!” ಎಂದಳು. ಬೆರಳಿನಲ್ಲಿ ಹಿಡಿದೆ, ಬೆಣ್ಣೆಯಂತೆ ಹಿಸುಕಿಹೋಯಿತು. ಆ ಮನೆಗೆ ತುಂಗೆಯ ನೀರು ಬರುತ್ತಿತ್ತು. ಅವಳ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಸೆರಗು ಸರಿಮಾಡಿಕೊಂಡರು. ಬುದ್ಧಿವಂತ ಹೆಂಗಸು ಅವರು. ನೇರವಾಗಿ ನನ್ನನ್ನೇ ಕೇಳಿದರು: “ಇವಳು ಮಾಡೋದ್ರಲ್ಲಿ ನಂಗೇನೂ ತಪ್ಪು ಕಾಣ್ಲಿಲ್ಲ ಅಳಿಯಂದ್ರೇ. ನೀರಿನ ದೋಷ ಏನಾದ್ರೂ ಇರ್ಬಹುದಾ? ನಿಮ್ಮಲ್ಲಿ ಅಡುಗೆಗೆ ಯಾವ ನೀರು?”

ಗಿರಿಜಾ ನನ್ನ ಮುಖ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಅನುಮಾನ ಇರಲಿಲ್ಲ, ಆಸೆ ಇತ್ತು.

“ನಲ್ಲಿ ನೀರೇ ಅತ್ತೆ” ಎಂದೆ. “ನಾನೇ ತರ್ತೀನಿ.”

“ಹೌದಮ್ಮ” ಎಂದಳು ಗಿರಿಜಾ. “ಪಾಪ, ಡ್ಯೂಟಿ ಮುಗಿಸಿ ಎರಡೆರಡು ಸಲ ಸರದಿ ನಿಂತು ತರ್ತಾರೆ. ಇವರ ಭುಜ ನೋಡಿದ್ರೆ ನಂಗೆ ಸಂಕಟ ಆಗ್ತದೆ.”

ಅವಳ ಅಮ್ಮ ಮಗಳನ್ನು ಒಂದು ಗಳಿಗೆ ನೋಡಿ, “ಹಾಗಾದ್ರೆ ನಿನ್ನಲ್ಲೇ ಏನೋ ಇದೆ ಕಣೇ. ಗೌರಿಹಬ್ಬ ಮುಗಿಯೋವರೆಗೂ ಇರು. ದಿನಾ ನನ್ನ ಕಣ್ಣೆದುರು ಕಾಳು ಮಾಡು” ಎಂದರು. ಗಿರಿಜಾಳ ಮುಖ ಇಳಿಯಿತು. ಸೌಟನ್ನು ಒಳಗೆ ತೆಗೆದುಕೊಂಡು ಹೋದಳು. ನನಗೆ ಅಲ್ಲಿ ಬಾಳೆಯೆಲೆ ಹಾಕಿ, ಅಳಿಯನೆಂದು ಎರಡು ಸಲ ತುಪ್ಪ ಬಡಿಸಿದರು. ಕಡಲೆ ಪಲ್ಯವನ್ನೂ ಬಡಿಸಿದರು. ತಿಂದೆ.

ನಾಟಕ ಆಯಿತು. ಮೂರನೇ ಸೀನಿನಲ್ಲಿ ಮಾತು ಮರೆತೆ. ಚೀಟಿ ಜೇಬಿನಲ್ಲಿತ್ತು, ಅವಳ ಕೈಯ ಅರಿಶಿನದ ಗುರುತು ಅದರ ಮೇಲಿತ್ತು. ಹೇಗೋ ಮುಗಿಸಿದೆ, ಜನ ಚಪ್ಪಾಳೆ ತಟ್ಟಿದರು, ರಾಮಚಂದ್ರ ತಬ್ಬಿಕೊಂಡು “ಸುಳ್ಳು ಹೇಳದ ಮೇಷ್ಟ್ರು ಅಂದ್ರೆ ಇವ್ನೇ ಮಾರಾಯ” ಎಂದ. ಅವ್ವನಿಗೆ ಯಾರೋ ಮಾರನೆಯ ದಿನವೇ ವಿಷಯ ಮುಟ್ಟಿಸಿದರು. ಅವರು ನಕ್ಕು, “ಮೊದ್ಲೇ ಹೇಳಿದ್ರೆ ನಾನೂ ಬರ್ತಿರ್ಲಿಲ್ವೇನೋ?” ಎಂದರು. ಯಾವ ಸಿಟ್ಟಿಗೆ ಹೆದರಿ ನಾನು ಬಾಯಿ ಮುಚ್ಚಿಕೊಂಡಿದ್ದೆನೋ ಆ ಸಿಟ್ಟು ಬರಲೇ ಇಲ್ಲ.

ಹಬ್ಬ ಕಳೆದು ಗಿರಿಜಾ ಬಂದಳು. ತಾಲೀಮು ಮುಗಿದಿತ್ತು. ನಾನು ಎರಡನೇ ಸಲ ಸಾಲಿನ ಬಾಲಕ್ಕೆ ಹೋಗಿ ನಿಂತು ಎರಡನೇ ಕೊಡ ತುಂಬಿಸಿ ತಂದೆ. ಮಾರನೆಯ ದಿನ ಒಣ ಅವರೆಕಾಳು ಒಲೆಗೆ ಬಿತ್ತು. ಅವ್ವ ನಡುಮನೆಯಲ್ಲಿ ಜಪ ಮಾಡುವ ಹಾಗೆ ಕೂತಿದ್ದರು, ಕಿವಿ ಅಡುಗೆಮನೆಯ ಕಡೆಗಿತ್ತು. ಗಂಟೆ ಕಳೆಯಿತು. ಗಿರಿಜಾ ಒಂದು ಕಾಳು ಹಿಸುಕಿದಳು, ಇನ್ನೊಂದು ಹಿಸುಕಿದಳು, ನಂಬಿಕೆ ಬರಲಿಲ್ಲ. ಸೌಟಿನಲ್ಲಿ ತೆಗೆದುಕೊಂಡು ಜಗುಲಿಗೆ ನನ್ನ ಹತ್ತಿರ ಬಂದಳು.

“ಬೆಂದಿದ್ಯಾ ನೋಡಿ. ನಂಗೆ ಗೊತ್ತಾಗ್ತಾ ಇಲ್ಲ.”

ಅದೇ ಮೊದಲು. ನಾನು ಹಿಸುಕಿದೆ. “ಬೆಂದಿದೆ” ಎಂದೆ. ಅವಳ ಕಣ್ಣಿನಿಂದ ನೀರು ಬಳಬಳ ಇಳಿಯಿತು. ಅವ್ವ ಊಟಕ್ಕೆ ಕೂತು ಎರಡು ಸಲ ಸಾರು ಹಾಕಿಸಿಕೊಂಡರು. ಕೈ ತೊಳೆದವರೇ ಬೀದಿ ಬಾಗಿಲಿಗೆ ಹೋಗಿ, “ಕಮಲಮ್ಮಾ, ನನ್ನ ಸೊಸೆ ಕಲ್ತು ಬಂದ್ಲು ಕಣ್ರೀ” ಎಂದು ಕೂಗಿದರು. ಅವಳ ತಲೆ ಸವರಿದರು. ಗಿರಿಜಾ ಅಷ್ಟು ಸಂತೋಷವಾಗಿದ್ದುದನ್ನು ಮದುವೆಯಾದ ಮೇಲೆ ನಾನು ನೋಡಿದ್ದು ಅದೇ. ಆ ಸಂತೋಷ ನೋಡಿದ ಮೇಲೆ ನನ್ನ ಬಾಯಿ ಪೂರ್ತಿ ಕಟ್ಟಿಹೋಯಿತು. ಹೇಳಿದರೆ ಅದನ್ನೂ ಕಿತ್ತುಕೊಂಡ ಹಾಗೆ ಎಂದು ನೆಪ ಸಿಕ್ಕಿತು. ಆ ನೆಪದ ಮೇಲೆ ನಲವತ್ತು ವರ್ಷ ಸಂಸಾರ ಮಾಡಿದ್ದೇನೆ. ಅವ್ವ ಹೋದರು, ಅವಳ ಅಮ್ಮ ಹೋದರು, ನಾವು ಶಿವಮೊಗ್ಗದಲ್ಲಿ ಮನೆ ಮಾಡಿಕೊಂಡೆವು. ಸೌಟು ದಿನಾ ಬಂತು.

ಭದ್ರಾವತಿಯಿಂದ ವಾಪಸ್ಸು ಬಂದ ಮಧ್ಯಾಹ್ನ ಗಿರಿಜಾ ನಡುಮನೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಕಡಲೆ ಆರಿಸುತ್ತಿದ್ದಳು. “ಊಟ ಹೆಂಗಿತ್ತು?” ಎಂದಳು. ನಾನು ಚಪ್ಪಲಿ ಬಿಟ್ಟು ಅವಳ ಎದುರು ನೆಲದ ಮೇಲೆ ಕೂತೆ. ನನಗೆ ಸುತ್ತಿ ಬಳಸಿ ಹೇಳಲು ಬರಲಿಲ್ಲ. “ಆ ಶ್ರಾವಣದಲ್ಲಿ ನಾನು ಒಂದೇ ಕೊಡ ನಲ್ಲಿ ನೀರು ತರ್ತಿದ್ದೆ. ಇನ್ನೊಂದು ಬಾವೀದು” ಎಂದೆ. ನಲ್ಲಿಯ ಸರದಿ, ತಾಲೀಮು, ಕಮಲಮ್ಮ ಹೇಳಿದ್ದು, ಅವಳ ಅಮ್ಮನ ಎದುರು ನಾನು ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ.

ಅವಳ ಕೈ ಮೊರದ ಮೇಲೆ ನಿಂತಿತ್ತು. ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ, ಈಗೇನು ಬಿಡಿ ಎನ್ನುತ್ತಾಳೆ ಎಂದೂ ಒಳಗೊಳಗೇ ಆಸೆಪಟ್ಟೆ. ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು.

“ಹಂಗಾದ್ರೆ ನಂಗೆ ಮೊದ್ಲಿಂದ್ಲೂ ಬರ್ತಿತ್ತು” ಎಂದಳು.

ನಾನು ಹೌದೆಂದೆ.

“ಅಮ್ಮಂಗೆ ಗೊತ್ತಾಗ್ಲೇ ಇಲ್ಲ” ಎಂದಳು. ಮತ್ತೆ ಕಡಲೆ ಆರಿಸತೊಡಗಿದಳು. 

ಮಾರನೆಯ ಬೆಳಿಗ್ಗೆ ನಾನು ಪೇಪರ್ ಹಿಡಿದುಕೊಂಡು ಎಂದಿನ ಕುರ್ಚಿಯಲ್ಲಿ ಕೂತಿದ್ದೆ. ಕಡಲೆ ಬೇಯುವ ವಾಸನೆ ಬಂತು. ಕುಕ್ಕರಿನ ಸದ್ದು ನಿಂತಿತು, ಮುಚ್ಚಳ ತೆಗೆದ ಸದ್ದಾಯಿತು. ನಾನು ಪೇಪರ್ ಮಡಚಿಟ್ಟು ಬಲಗೈ ಬೆರಳನ್ನು ಪಂಚೆಗೆ ಒರೆಸಿಕೊಂಡೆ. ಅಡುಗೆಮನೆಯಿಂದ ಒಗ್ಗರಣೆಯ ಚಟಪಟ ಕೇಳಿಸಿತು. ಹುಣಸೆಹಣ್ಣು ಹಿಂಡಿದ ವಾಸನೆ ಬಂತು. ಸೊಸೆ, “ಅತ್ತೆ, ಮಾವನಿಗೆ ತೋರಿಸ್ಲಿಲ್ಲ?” ಎಂದು ಕೇಳಿದ್ದೂ ಕೇಳಿಸಿತು.

“ಬೆಂದಿದೆ” ಎಂದಳು ಗಿರಿಜಾ.

ತಟ್ಟೆ ಬಂತು. ಒಂದು ಕಾಳು ತೆಗೆದು ಎರಡು ಬೆರಳಿನ ನಡುವೆ ಹಿಸುಕಿದೆ. ಚೆನ್ನಾಗಿ ಬೆಂದಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ.